ಸ್ಟ್ರಾಟಕ್ಸ್: ಕಡಿಮೆ ಖರ್ಚಿನಲ್ಲಿ ವಿಮಾನ ಟ್ರಾಫಿಕ್ ಮತ್ತು ಹವಾಮಾನ ರಿಸೀವರ್ – ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಕೆಲಸಕ್ಕಿದ್ದುಕೊಂಡು, ವಾರಾಂತ್ಯದಲ್ಲಿ ಸೆಸ್ನಾ ಅಥವಾ ಪೈಪರ್ ಬಾಡಿಗೆಗೆ ಹಿಡಿದು ಹಾರುವ ಕನ್ನಡಿಗರು ಈಗ ಸಾಕಷ್ಟು ಮಂದಿ ಇದ್ದಾರೆ. ಇನ್ನೂ ಲೈಸೆನ್ಸ್‌ಗೆ ಕಲಿಯುತ್ತಿರುವವರೂ ಇದ್ದಾರೆ. ಈ ಪುಟ ಮುಖ್ಯವಾಗಿ ಅವರಿಗೆ. ಭಾರತದಲ್ಲಿ ಕೂತು ಕುತೂಹಲದಿಂದ ಓದುವವರಿಗೂ ಕೊನೆಯ ಕಡೆ ಒಂದು ಉತ್ತರ ಇದೆ. ಸ್ಟ್ರಾಟಕ್ಸ್ ಡಬ್ಬಿ ಜೋಡಿಸುವುದು ಸುಲಭ. ಅದು ಪರದೆಯಲ್ಲಿ ವಿಮಾನ ಅಂತ ತೋರಿಸುವ ಪ್ರತಿ ಚುಕ್ಕೆ ಎಲ್ಲಿಂದ ಬಂತು, ಯಾವ ಚುಕ್ಕೆ ಬರದೇ ಹೋಯಿತು ಅಂತ ತಿಳಿಯುವುದೇ ನಿಜವಾದ ಕೆಲಸ. ಹಾಗಾಗಿ ಆ ಪ್ರಶ್ನೆಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸ್ಟ್ರಾಟಕ್ಸ್ ಅಂದರೆ ಏನು?

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಓಡುವ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್. ಅದಕ್ಕೆ ಒಂದೆರಡು ಯುಎಸ್‌ಬಿ ರೇಡಿಯೋ ಡಾಂಗಲ್, ಒಂದು ಜಿಪಿಎಸ್ ಸಿಕ್ಕಿಸಿದರೆ, ಸುತ್ತಮುತ್ತಲಿನ ವಿಮಾನಗಳು ಮತ್ತು ನೆಲದ ಸ್ಟೇಷನ್‌ಗಳು ಕಳಿಸುವ ಎಡಿಎಸ್-ಬಿ (ವಿಮಾನ ತನ್ನ ಸ್ಥಾನವನ್ನು ತಾನೇ ರೇಡಿಯೋದಲ್ಲಿ ಹೇಳುತ್ತಿರುವ ವ್ಯವಸ್ಥೆ) ಸಂಕೇತಗಳನ್ನು ಹಿಡಿಯುತ್ತದೆ. ಹಿಡಿದದ್ದನ್ನು ವೈಫೈ ಮೂಲಕ ನಿಮ್ಮ ಟ್ಯಾಬ್ಲೆಟ್‌ಗೆ ಕಳಿಸುತ್ತದೆ. ಟ್ಯಾಬ್ಲೆಟ್‌ನಲ್ಲಿರುವ ನಕ್ಷೆ ಆಪ್ ಅದನ್ನು ತೋರಿಸುತ್ತದೆ. ಈ ಯೋಜನೆ 2015ರ ಸುಮಾರಿಗೆ ಶುರುವಾಯಿತು. ಕೋಡ್‌ನ ಬಹುಪಾಲು ಗೋ ಭಾಷೆಯಲ್ಲಿದೆ, ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು, ಬದಲಿಸಬಹುದು.

ಇದು ಬರೀ ಕೇಳಿಸಿಕೊಳ್ಳುವ ಪೆಟ್ಟಿಗೆ. ವೈಫೈ ಬಿಟ್ಟರೆ ಏನನ್ನೂ ಪ್ರಸಾರ ಮಾಡುವುದಿಲ್ಲ.

ಯಾವ ಸಂಕೇತಗಳನ್ನು ಹಿಡಿಯುತ್ತದೆ?

ಅಮೆರಿಕದಲ್ಲಿ ಎಡಿಎಸ್-ಬಿಗೆ ಎರಡು ಫ್ರೀಕ್ವೆನ್ಸಿ ಇವೆ. 1090 ಮೆಗಾಹರ್ಟ್ಸ್ ಇಡೀ ಜಗತ್ತಿನಲ್ಲಿ ನಡೆಯುವುದು. ದೊಡ್ಡ ಜೆಟ್‌ಗಳೆಲ್ಲ ಇದರಲ್ಲೇ. 978 ಮೆಗಾಹರ್ಟ್ಸ್, ಅಂದರೆ ಯುಎಟಿ, ಅಮೆರಿಕದ್ದೇ ವ್ಯವಸ್ಥೆ. 18,000 ಅಡಿಗಿಂತ ಕೆಳಗೆ ಹಾರುವ ಚಿಕ್ಕ ವಿಮಾನಗಳು ಇದನ್ನು ಬಳಸಬಹುದು. ಪ್ರತಿ ವಿಮಾನ ತನ್ನ ಜಿಪಿಎಸ್ ಸ್ಥಾನ, ಎತ್ತರ, ವೇಗ, ಗುರುತು ಇಷ್ಟನ್ನು ಕೂಗಿ ಹೇಳುತ್ತಿರುತ್ತದೆ. 1090ರಲ್ಲಿ ಸ್ಥಾನದ ಸಂದೇಶ ಸೆಕೆಂಡಿಗೆ ಸುಮಾರು ಎರಡು ಸಲ ಬರುತ್ತದೆ. ಒಂದೊಂದು ಸಂದೇಶ ಬರೀ 112 ಬಿಟ್, ಗಾಳಿಯಲ್ಲಿ ಇರುವುದು 120 ಮೈಕ್ರೋಸೆಕೆಂಡ್.

ಹವಾಮಾನ ಬರುವುದು 978ರಲ್ಲಿ ಮಾತ್ರ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನೆಲದ ಸ್ಟೇಷನ್‌ಗಳು ಅದನ್ನು ಪ್ರಸಾರ ಮಾಡುತ್ತವೆ. ಈ ಸೇವೆಗೆ ಎಫ್‌ಐಎಸ್-ಬಿ ಅಂತ ಹೆಸರು. ಚಂದಾ ಇಲ್ಲ, ಲಾಗಿನ್ ಇಲ್ಲ, ಹಿಡಿಯುವ ಸಾಮಾನು ಇದ್ದರೆ ಆಯಿತು. ಉಪಗ್ರಹದಿಂದ ಬರುವ ಹವಾಮಾನಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಿದವರಿಗೆ ಇದರ ಬೆಲೆ ಗೊತ್ತು.

ಟಿವಿ ನೋಡುವ ಡಾಂಗಲ್ ವಿಮಾನದ ಸಂಕೇತ ಹಿಡಿಯುವುದು ಹೇಗೆ?

ಈ ಕಥೆ ನನಗೆ ತುಂಬ ಇಷ್ಟ. ಯುರೋಪಿನ ಡಿಜಿಟಲ್ ಟಿವಿ ನೋಡಲು ಅಗ್ಗದ ಯುಎಸ್‌ಬಿ ಡಾಂಗಲ್‌ಗಳು ಬಂದಿದ್ದವು. ಅವುಗಳೊಳಗೆ ಆರ್‌ಟಿಎಲ್2832ಯು ಅನ್ನುವ ಚಿಪ್. ಟಿವಿ ಮಟ್ಟಿಗೆ ಆ ಚಿಪ್ ಸಿಗ್ನಲ್ ಬಿಡಿಸಿ ವಿಡಿಯೋ ಕೊಡುತ್ತದೆ. ಆದರೆ ಎಫ್‌ಎಂ ರೇಡಿಯೋ ಕೇಳಿಸುವಾಗ ಅದು ಕಚ್ಚಾ ಸಿಗ್ನಲ್ಲನ್ನೇ ಕಂಪ್ಯೂಟರ್‌ಗೆ ಸುರಿದುಬಿಡುತ್ತದೆ. 2012ರಲ್ಲಿ ಆಂಟಿ ಪಾಲೋಸಾರಿ ಎಂಬ ಲಿನಕ್ಸ್ ಡೆವಲಪರ್ ಇದನ್ನು ಬಯಲಿಗೆ ತಂದರು. ಕಚ್ಚಾ ಸಿಗ್ನಲ್ ಕೈಗೆ ಸಿಕ್ಕ ಮೇಲೆ ಬಿಡಿಸುವ ಕೆಲಸವನ್ನು ಸಾಫ್ಟ್‌ವೇರ್‌ನಲ್ಲೇ ಮಾಡಬಹುದಲ್ವಾ? ಆಸ್ಮೋಕಾಮ್ ಎಂಬ ಓಪನ್ ಸೋರ್ಸ್ ಗುಂಪು ಡ್ರೈವರ್ ಬರೆಯಿತು. ರೆಡಿಸ್ ಡೇಟಾಬೇಸ್ ಬರೆದ ಸಾಲ್ವತೋರೆ ಸಾನ್‌ಫಿಲಿಪ್ಪೋ 1090ರ ಸಂಕೇತ ಬಿಡಿಸಲು ಡಂಪ್1090 ಎಂಬ ಪ್ರೋಗ್ರಾಂ ಬರೆದರು. ಆಲಿವರ್ ಜೋವೆಟ್ 978ಕ್ಕೆ ಡಂಪ್978 ಬರೆದರು. ಸ್ಟ್ರಾಟಕ್ಸ್ ನಿಂತಿರುವುದು ಇವರೆಲ್ಲರ ಕೆಲಸದ ಮೇಲೆ. ಇವರಲ್ಲಿ ಒಬ್ಬರು ಕೋಡ್ ಮುಚ್ಚಿಟ್ಟುಕೊಂಡಿದ್ದರೂ ಈ ಬೆಲೆಗೆ ಈ ಪೆಟ್ಟಿಗೆ ಆಗುವುದು ಕಷ್ಟವಿತ್ತು.

ಏನೇನು ಕೊಳ್ಳಬೇಕು? ಎಷ್ಟು ಖರ್ಚು?

ರಾಸ್ಪ್‌ಬೆರಿ ಪೈ 3ಬಿ ಆದರೆ ಧಾರಾಳ ಸಾಕು. 3ಬಿ ಪ್ಲಸ್ ಮತ್ತು 4 ಕೂಡ ನಡೆಯುತ್ತವೆ, ಆದರೆ ಪೈ 4 ವಿದ್ಯುತ್ ಜಾಸ್ತಿ ತಿನ್ನುತ್ತದೆ, ಬಿಸಿಯೂ ಜಾಸ್ತಿ. ಈ ಕೆಲಸಕ್ಕೆ ಅಷ್ಟು ಶಕ್ತಿ ಬೇಕಾಗಿಲ್ಲ. ನನ್ನನ್ನು ಕೇಳಿದರೆ 3ಬಿ.

ಅದರ ಜೊತೆಗೆ ಆರ್‌820ಟಿ2 ಟ್ಯೂನರ್ ಇರುವ ಎರಡು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಮೇಲೆ ಹೇಳಿದ ಟಿವಿ ಡಾಂಗಲ್ ಜಾತಿಯವೇ), ಎರಡು ಆಂಟೆನಾ, ಯು-ಬ್ಲಾಕ್ಸ್ ಚಿಪ್ ಇರುವ ಒಂದು ಯುಎಸ್‌ಬಿ ಜಿಪಿಎಸ್ (ವಿಕೆ-162 ಎಂಬ ಜಿಪಿಎಸ್ ಬಹಳ ಜನ ಬಳಸುತ್ತಾರೆ), ಒಳ್ಳೆ ಕಂಪನಿಯ ಮೈಕ್ರೋ ಎಸ್‌ಡಿ ಕಾರ್ಡ್, ಫ್ಯಾನ್ ಇರುವ ಕೇಸ್, ಪವರ್ ಬ್ಯಾಂಕ್. ಬೇಕೆನಿಸಿದರೆ, ವಿಮಾನ ಎಷ್ಟು ವಾಲಿದೆ ಅಂತ ಹೇಳುವ ಎಎಚ್‌ಆರ್‌ಎಸ್ ಬೋರ್ಡ್. ಅದರಲ್ಲಿ ಚಲನೆ ಅಳೆಯುವ ಚಿಪ್ ಜೊತೆಗೆ ಬಿಎಂಪಿ280 ಎಂಬ ಗಾಳಿ ಒತ್ತಡದ ಸೆನ್ಸರ್ ಇರುತ್ತದೆ. ಒಟ್ಟು 150ರಿಂದ 200 ಡಾಲರ್ ಒಳಗೆ ಮುಗಿಯುತ್ತದೆ. ಇದೇ ಕೆಲಸದ ರೆಡಿಮೇಡ್ ಪೆಟ್ಟಿಗೆಗಳು ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು ಬೆಲೆಗೆ ಸಿಗುತ್ತವೆ.

ಎಸ್‌ಡಿ ಕಾರ್ಡ್ ಮತ್ತು ಯುಎಸ್‌ಬಿ ಕೇಬಲ್‌ನಲ್ಲಿ ಉಳಿತಾಯ ಮಾಡಬೇಡಿ. ಎಷ್ಟೋ ತೊಂದರೆಗಳು ಈ ಎರಡರಿಂದಲೇ ಬರುತ್ತವೆ.

ಒಂದೇ ಡಾಂಗಲ್ ಹಾಕಿದರೆ ನಡೆಯುತ್ತಾ?

ನಡೆಯುತ್ತದೆ. ಅಮೆರಿಕದಲ್ಲಿ ಒಂದೇ ಅಂದರೆ 978 ಹಾಕಿ, ಹವಾಮಾನವಾದರೂ ಸಿಗುತ್ತದೆ. ಆದರೆ 1090ರ ವಿಮಾನಗಳು ನೇರವಾಗಿ ಕಾಣುವುದಿಲ್ಲ. ಎರಡನೇ ಡಾಂಗಲ್‌ಗೆ ಇಪ್ಪತ್ತು ಮೂವತ್ತು ಡಾಲರ್ ಅಷ್ಟೇ. ಹಾಕಿಬಿಡಿ.

ಜೋಡಿಸುವುದು ಹೇಗೆ?

ಸ್ಟ್ರಾಟಕ್ಸ್‌ನ ಇಮೇಜ್ ಫೈಲ್ ಇಳಿಸಿಕೊಳ್ಳಿ. ರಾಸ್ಪ್‌ಬೆರಿ ಪೈ ಇಮೇಜರ್ ಅಥವಾ ಬಲೇನಾ ಎಚರ್ ಬಳಸಿ ಅದನ್ನು ಎಸ್‌ಡಿ ಕಾರ್ಡ್‌ಗೆ ಬರೆಯಿರಿ. ಫೈಲನ್ನು ಸುಮ್ನೆ ಕಾಪಿ ಮಾಡಿದರೆ ಆಗುವುದಿಲ್ಲ. ಕಾರ್ಡನ್ನು ಪೈಗೆ ಹಾಕಿ, ಡಾಂಗಲ್ ಮತ್ತು ಜಿಪಿಎಸ್ ಸಿಕ್ಕಿಸಿ, ಕರೆಂಟ್ ಕೊಡಿ. ಸ್ವಲ್ಪ ಹೊತ್ತಿಗೆ ಸ್ಟ್ರಾಟಕ್ಸ್ ಅನ್ನುವ ವೈಫೈ ಕಾಣಿಸುತ್ತದೆ. ಅದಕ್ಕೆ ಸೇರಿಕೊಂಡು ಬ್ರೌಸರ್‌ನಲ್ಲಿ 192.168.10.1 ಅಂತ ಹಾಕಿದರೆ ಸ್ಟೇಟಸ್ ಪುಟ ತೆರೆಯುತ್ತದೆ. ಎರಡು ರೇಡಿಯೋ, ಜಿಪಿಎಸ್, ಸಿಪಿಯು ಬಿಸಿ ಎಲ್ಲ ಅಲ್ಲೇ ಕಾಣುತ್ತವೆ. ವೈಫೈಗೆ ಮೊದಲಿಗೆ ಪಾಸ್‌ವರ್ಡ್ ಇರುವುದಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಹಾಕಿಕೊಳ್ಳಿ.

ಬಿಡಿಬಿಡಿಯಾಗಿ ಡಾಂಗಲ್ ಕೊಂಡವರು ಒಂದು ವಿಷಯ ಗಮನಿಸಬೇಕು. ಎರಡೂ ಡಾಂಗಲ್ ನೋಡಲು ಒಂದೇ ಥರ, ಒಳಗಿನ ಸೀರಿಯಲ್ ನಂಬರ್ ಕೂಡ ಹಲವು ಸಲ ಒಂದೇ ಇರುತ್ತದೆ. ಹಾಗಾದಾಗ ಯಾವುದು 978, ಯಾವುದು 1090 ಅಂತ ಸ್ಟ್ರಾಟಕ್ಸ್‌ಗೆ ತಿಳಿಯುವುದಿಲ್ಲ. ಅದು ಯಾವುದೋ ಒಂದನ್ನು ಆರಿಸಿಕೊಳ್ಳುತ್ತದೆ, ನೀವು ಹಾಕಿದ ಆಂಟೆನಾ ಅದಲುಬದಲಾಗಬಹುದು. ಡಾಂಗಲ್‌ನ ಮೆಮೊರಿಯಲ್ಲಿ ಸ್ಟ್ರಾಟಕ್ಸ್‌ಗೆ ಅರ್ಥವಾಗುವ ಸೀರಿಯಲ್ ಬರೆದರೆ ಈ ಗೊಂದಲ ಮುಗಿಯಿತು. ಕಿಟ್ ಆಗಿ ಮಾರುವವರು ಸಾಮಾನ್ಯವಾಗಿ ಇದನ್ನು ಮೊದಲೇ ಮಾಡಿರುತ್ತಾರೆ.

ಪ್ರೋಗ್ರಾಮಿಂಗ್, ಸೋಲ್ಡರಿಂಗ್ ಬರಬೇಕಾ?

ಬೇಕಿಲ್ಲ. ಎಎಚ್‌ಆರ್‌ಎಸ್ ಬೋರ್ಡ್‌ಗೆ ಪಿನ್ ಬೆಸೆಯದೆ ಮಾರಿದರೆ ಮಾತ್ರ ಸ್ವಲ್ಪ ಸೋಲ್ಡರ್ ಕೆಲಸ ಬರುತ್ತದೆ.

ಯಾವ ಆಪ್ ಬಳಸಬೇಕು?

ಸ್ಟ್ರಾಟಕ್ಸ್ ಜಿಡಿಎಲ್90 ಎಂಬ ಭಾಷೆಯಲ್ಲಿ ಮಾಹಿತಿ ಕಳಿಸುತ್ತದೆ. ಅದು ಅರ್ಥವಾಗುವ ಯಾವ ಆಪ್ ಆದರೂ ಸರಿ. ಫೋರ್‌ಫ್ಲೈಟ್ ದುಡ್ಡು ಕೊಟ್ಟು ಬಳಸುವುದು. ಆಂಡ್ರಾಯ್ಡ್‌ನಲ್ಲಿ ಅವೇರ್ ಉಚಿತ, ಅದೂ ಓಪನ್ ಸೋರ್ಸ್. ಎಫ್‌ಎಲ್‌ಟಿಪ್ಲಾನ್ ಗೋ ಕೂಡ ಉಚಿತ. ಕಡಿಮೆ ಖರ್ಚೇ ಗುರಿಯಾದರೆ ಹಳೇ ಆಂಡ್ರಾಯ್ಡ್ ಟ್ಯಾಬ್ ಜೊತೆ ಅವೇರ್ ಒಳ್ಳೇ ಜೋಡಿ.

ಐಪ್ಯಾಡ್ ಇರುವವರಿಗೆ ಇನ್ನೊಂದು ಲಾಭ ಇದೆ. ವೈಫೈ ಮಾತ್ರ ಇರುವ ಐಪ್ಯಾಡ್ ಒಳಗೆ ಜಿಪಿಎಸ್ ಇರುವುದಿಲ್ಲ. ಸ್ಟ್ರಾಟಕ್ಸ್ ತನ್ನ ಜಿಪಿಎಸ್ ಸ್ಥಾನವನ್ನೂ ಕಳಿಸುವುದರಿಂದ ನಕ್ಷೆಯ ಮೇಲೆ ನಿಮ್ಮ ವಿಮಾನ ಸರಿಯಾದ ಜಾಗದಲ್ಲಿ ಕಾಣುತ್ತದೆ. ನಕ್ಷೆಗಳನ್ನು ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಿ. ಸ್ಟ್ರಾಟಕ್ಸ್ ವೈಫೈಗೆ ಸೇರಿದ ಮೇಲೆ ಇಂಟರ್‌ನೆಟ್ ಇರುವುದಿಲ್ಲ.

ಸುತ್ತಲಿನ ಎಲ್ಲ ವಿಮಾನಗಳೂ ಪರದೆ ಮೇಲೆ ಕಾಣುತ್ತವಾ?

ಇಲ್ಲ. ಇದನ್ನು ಸಾವಧಾನವಾಗಿ ಓದಿ. ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ನಿಮ್ಮ ಪರದೆಗೆ ಚುಕ್ಕೆಗಳು ಮೂರು ದಾರಿಯಿಂದ ಬರುತ್ತವೆ. ಮೊದಲನೆಯದು ನೇರ ದಾರಿ. ಪಕ್ಕದ ವಿಮಾನ 978 ಅಥವಾ 1090ರಲ್ಲಿ ಕೂಗಿತು, ನಿಮ್ಮ ಡಾಂಗಲ್ ಕೇಳಿಸಿಕೊಂಡಿತು. ಇದು ಎಲ್ಲಕ್ಕಿಂತ ತಾಜಾ, ಎಲ್ಲಕ್ಕಿಂತ ನಂಬಿಕಸ್ತ.

ಎರಡನೆಯದು ಎಡಿಎಸ್-ಆರ್. 978ರಲ್ಲಿ ಕೂಗಿದ್ದನ್ನು ನೆಲದ ಸ್ಟೇಷನ್ 1090ರಲ್ಲಿ, 1090ರದ್ದನ್ನು 978ರಲ್ಲಿ ಮತ್ತೆ ಹೇಳುತ್ತದೆ. ನಿಮ್ಮಲ್ಲಿ ಎರಡೂ ಡಾಂಗಲ್ ಇದ್ದರೆ ಇದರ ಅಗತ್ಯ ಕಡಿಮೆ.

ಮೂರನೆಯದು ಟಿಐಎಸ್-ಬಿ. ಎಡಿಎಸ್-ಬಿ ಇಲ್ಲದೆ ಬರೀ ಟ್ರಾನ್ಸ್‌ಪಾಂಡರ್ (ನೆಲದ ರೇಡಾರ್ ಕೇಳಿದಾಗ ಉತ್ತರಿಸುವ ರೇಡಿಯೋ) ಇರುವ ವಿಮಾನವನ್ನು ನೆಲದ ರೇಡಾರ್ ನೋಡುತ್ತದೆ, ಆ ಸ್ಥಾನವನ್ನು ಸ್ಟೇಷನ್ ಪ್ರಸಾರ ಮಾಡುತ್ತದೆ. ಆದರೆ ಇದನ್ನು ಎಲ್ಲರಿಗಾಗಿ ಮಾಡುವುದಿಲ್ಲ. ಎಡಿಎಸ್-ಬಿ ಔಟ್ ಇರುವ, ಅಂದರೆ ತಾನೂ ಪ್ರಸಾರ ಮಾಡುತ್ತಿರುವ ವಿಮಾನವೊಂದನ್ನು ನಡುವೆ ಇಟ್ಟುಕೊಂಡು, ಸುತ್ತ 15 ನಾಟಿಕಲ್ ಮೈಲಿ, ಮೇಲೆ ಕೆಳಗೆ 3,500 ಅಡಿ, ಇಷ್ಟು ಚಪ್ಪಟೆ ಡಬ್ಬಿಯಂಥ ಆಕಾಶದೊಳಗಿನ ಟ್ರಾಫಿಕ್ ಮಾತ್ರ ಕಳಿಸುತ್ತದೆ. ನಿಮ್ಮ ವಿಮಾನದಲ್ಲಿ ಔಟ್ ಇಲ್ಲದಿದ್ದರೆ ನಿಮಗಾಗಿ ಯಾರೂ ಈ ಡಬ್ಬಿ ಮಾಡುವುದಿಲ್ಲ. ಬೇರೆಯವರ ಡಬ್ಬಿಯಿಂದ ಸೋರಿದ್ದು ನಿಮಗೆ ಸಿಗುತ್ತದೆ, ಅದು ಅರ್ಧಂಬರ್ಧ ಚಿತ್ರ. ಪರದೆ ತುಂಬ ಚುಕ್ಕೆ ಇರುತ್ತವೆ, ಎಲ್ಲ ಕಾಣುತ್ತಿದೆ ಅನ್ನಿಸುತ್ತದೆ, ಆದರೆ ನಿಮ್ಮ ಪಕ್ಕದ್ದೇ ಇಲ್ಲದಿರಬಹುದು. ಖಾಲಿ ಪರದೆಗಿಂತ ಇದು ಅಪಾಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಔಟ್ ಇದ್ದರೂ ಇನ್ನೊಂದು ಸೂಕ್ಷ್ಮ ಇದೆ. ಔಟ್ ಪೆಟ್ಟಿಗೆ ತನ್ನ ಸಂದೇಶದಲ್ಲಿ "ಈ ವಿಮಾನದಲ್ಲಿ 978 ಕೇಳಿಸಿಕೊಳ್ಳುವ ಸಾಮಾನಿದೆ, 1090 ಇದೆ" ಅಂತಲೂ ಹೇಳುತ್ತದೆ. ಆ ಸೆಟ್ಟಿಂಗ್ ಆಫ್ ಇದ್ದರೆ ನೆಲದ ಸ್ಟೇಷನ್ ನಿಮಗೆ ಕಳಿಸುವುದಿಲ್ಲ. ಬಾಡಿಗೆ ವಿಮಾನವಾದರೆ ಕ್ಲಬ್ಬಿನ ಮೆಕ್ಯಾನಿಕ್ ಹತ್ತಿರ ಕೇಳಿ ತಿಳಿದುಕೊಳ್ಳಿ.

ಇನ್ನು ಯಾವ ದಾರಿಯಲ್ಲೂ ಬರದವರು. 2020ರ ಜನವರಿ 1ರಿಂದ ಎಫ್‌ಎಎ ಹೆಚ್ಚಿನ ನಿಯಂತ್ರಿತ ವಾಯುಪ್ರದೇಶದಲ್ಲಿ ಎಡಿಎಸ್-ಬಿ ಔಟ್ ಕಡ್ಡಾಯ ಮಾಡಿದೆ. ಎಲ್ಲ ಕಡೆ ಅಲ್ಲ. ಗ್ಲೈಡರ್, ಬಲೂನ್, ಮೊದಲಿಂದಲೂ ವಿದ್ಯುತ್ ವ್ಯವಸ್ಥೆಯೇ ಇಲ್ಲದ ಪೈಪರ್ ಕಬ್‌ನಂಥ ಹಳೇ ವಿಮಾನಗಳಿಗೆ ವಿನಾಯಿತಿ ಇದೆ. ಅವು ಟ್ರಾನ್ಸ್‌ಪಾಂಡರ್ ಇಲ್ಲದೆಯೂ ಹಾರಬಹುದು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಹಾರುವವರು ಬೈರನ್, ಹಾಲಿಸ್ಟರ್ ಕಡೆ ಹೋದರೆ ಗ್ಲೈಡರ್‌ಗಳು ಸಿಗುತ್ತವೆ, ಪರದೆ ಏನನ್ನೂ ಹೇಳದಿರಬಹುದು. ಜೊತೆಗೆ ಕಂಟ್ರೋಲ್ ಟವರ್ ಇಲ್ಲದ ಏರ್‌ಪೋರ್ಟ್‌ನ ಪ್ಯಾಟರ್ನ್‌ನಲ್ಲಿ, ಅಂದರೆ ಇಳಿಯಲು ರನ್‌ವೇ ಸುತ್ತ ಹಾರುವ ದಾರಿಯಲ್ಲಿ, ಸಾವಿರ ಅಡಿ ಎತ್ತರದಲ್ಲಿ, ರೇಡಾರ್ ತಲುಪದೇ ಇರುವುದು ಸಾಮಾನ್ಯ. ರೇಡಾರ್ ಇಲ್ಲದ ಕಡೆ ಟಿಐಎಸ್-ಬಿಯೂ ಇಲ್ಲ. ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗುವ ಪ್ರಕರಣಗಳಲ್ಲಿ ಹೆಚ್ಚಿನವು ಹಗಲು ಹೊತ್ತು, ತಿಳಿ ಹವೆಯಲ್ಲಿ, ಏರ್‌ಪೋರ್ಟ್ ಹತ್ತಿರವೇ ಆಗುತ್ತವೆ. ಅಂದರೆ ಈ ಪೆಟ್ಟಿಗೆ ದುರ್ಬಲವಾಗಿರುವ ಜಾಗ, ಅಪಾಯ ಜಾಸ್ತಿ ಇರುವ ಜಾಗ, ಎರಡೂ ಒಂದೇ. ಪ್ಯಾಟರ್ನ್‌ಗೆ ಬಂದ ಮೇಲೆ ಕಣ್ಣು ಕಿಟಕಿಯ ಹೊರಗೆ ಇರಲಿ, ರೇಡಿಯೋದಲ್ಲಿ ನಿಮ್ಮ ಸ್ಥಾನ ಹೇಳುತ್ತಿರಿ.

ನನ್ನ ಮೇಲೇ ಒಂದು ವಿಮಾನ ಕೂತ ಹಾಗೆ ತೋರಿಸುತ್ತಿದೆ. ಯಾಕೆ?

ಅದು ನೀವೇ. ನಿಮ್ಮ ಟ್ರಾನ್ಸ್‌ಪಾಂಡರ್ ಕೂಗಿದ್ದು ನಿಮ್ಮ ಡಾಂಗಲ್‌ಗೇ ಕೇಳಿಸುತ್ತಿದೆ. ಪ್ರತಿ ವಿಮಾನಕ್ಕೂ 24 ಬಿಟ್‌ನ ಒಂದು ಗುರುತಿನ ಸಂಖ್ಯೆ, ಐಕಾವೋ ಕೋಡ್, ಇರುತ್ತದೆ. ಹೆಕ್ಸ್‌ನಲ್ಲಿ ಬರೆದಾಗ ಅಮೆರಿಕದ ವಿಮಾನಗಳದ್ದು ಎ ಅಕ್ಷರದಿಂದ, ಭಾರತದ್ದು 8ರಿಂದ ಶುರುವಾಗುತ್ತದೆ. ಎಫ್‌ಎಎ ನೋಂದಣಿ ಪುಟದಲ್ಲಿ ಬಾಲದ ನಂಬರ್ ಹಾಕಿದರೆ ಕೋಡ್ ಸಿಗುತ್ತದೆ. ಅದನ್ನು ಸ್ಟ್ರಾಟಕ್ಸ್ ಸೆಟ್ಟಿಂಗ್ಸ್‌ನಲ್ಲಿ ಹಾಕಿ. ವಿಮಾನ ಬದಲಾದಾಗಲೆಲ್ಲ ಕೋಡ್ ಬದಲಿಸುವುದನ್ನು ಪ್ರೀಫ್ಲೈಟ್ ಪಟ್ಟಿಗೆ ಸೇರಿಸಿಕೊಳ್ಳಿ. ನಿನ್ನೆಯ ವಿಮಾನದ ಕೋಡ್ ಉಳಿದುಹೋಗಿ, ಇವತ್ತು ಆ ವಿಮಾನವೂ ಆಕಾಶದಲ್ಲಿದ್ದರೆ, ಅದು ನಿಮ್ಮ ಪರದೆಯಿಂದ ಮರೆಯಾಗಬಹುದು.

ಗಾಳಿ ಒತ್ತಡದ ಸೆನ್ಸರ್ ಬೇಕೇ ಬೇಕಾ?

ಬೇಕು ಅಂತಲೇ ನನ್ನ ಅಭಿಪ್ರಾಯ. ಬೇರೆ ವಿಮಾನಗಳು ಹೇಳುವುದು ಒತ್ತಡದ ಲೆಕ್ಕದ ಎತ್ತರ. ಜಿಪಿಎಸ್ ಹೇಳುವುದು ಬೇರೆ ಎತ್ತರ. ಎರಡರ ನಡುವೆ ಕೆಲವು ನೂರು ಅಡಿ ವ್ಯತ್ಯಾಸ ಇರುವುದು ಮಾಮೂಲು. ಸೆನ್ಸರ್ ಇದ್ದರೆ "ನಿಮಗಿಂತ 300 ಅಡಿ ಮೇಲೆ" ಅನ್ನುವ ಮಾತಿಗೆ ಅರ್ಥ ಇರುತ್ತದೆ. ಕ್ಯಾಬಿನ್‌ನಲ್ಲಿ ಒತ್ತಡ ತುಂಬದ ಸಣ್ಣ ವಿಮಾನಕ್ಕೆ ಮಾತ್ರ ಈ ಮಾತು.

ಹವಾಮಾನದಲ್ಲಿ ಏನೇನು ಸಿಗುತ್ತದೆ? ಅದನ್ನು ಎಷ್ಟು ನಂಬಬಹುದು?

ಮೆಟಾರ್ (ಏರ್‌ಪೋರ್ಟ್‌ನ ಈಗಿನ ಹವೆ), ಟ್ಯಾಫ್ (ಏರ್‌ಪೋರ್ಟ್‌ನ ಮುನ್ಸೂಚನೆ), ಪೈಲಟ್ ವರದಿಗಳು, ಏರ್‌ಮೆಟ್ ಮತ್ತು ಸಿಗ್‌ಮೆಟ್ (ಕೆಟ್ಟ ಹವೆಯ ಎಚ್ಚರಿಕೆಗಳು), ಮೇಲಿನ ಗಾಳಿ, ನೋಟಾಮ್ (ಪೈಲಟ್‌ಗಳಿಗೆ ಸೂಚನೆ), ಟಿಎಫ್‌ಆರ್ (ತಾತ್ಕಾಲಿಕ ಹಾರಾಟ ನಿರ್ಬಂಧ), ನೆಕ್ಸ್‌ರಾಡ್ ಎಂಬ ಹವಾಮಾನ ರೇಡಾರ್‌ಗಳ ಮಳೆ ಚಿತ್ರ. 2018ರಲ್ಲಿ ಮಿಂಚು, ಮೋಡದ ತುದಿ, ಐಸಿಂಗ್, ಟರ್ಬುಲೆನ್ಸ್ ಕೂಡ ಸೇರಿದವು. ಅವು ಕಾಣಬೇಕಾದರೆ ಆಪ್ ಅವನ್ನು ತೋರಿಸುವಂತಿರಬೇಕು.

ಪಾಲೋ ಆಲ್ಟೋದಿಂದ ಹಾಫ್ ಮೂನ್ ಬೇಗೆ ಹೊರಟಿದ್ದೀರಿ ಅಂದುಕೊಳ್ಳಿ. ಗುಡ್ಡದ ಆಚೆ ಸಮುದ್ರದ ಮಂಜು ಒಳಗೆ ಬಂದಿದೆಯೋ ಇಲ್ಲವೋ ಅಂತ ಹಾರುತ್ತಲೇ ಮೆಟಾರ್ ನೋಡಿ ತಿಳಿಯಬಹುದು. ಬಂದಿದ್ದರೆ ಹಿಂತಿರುಗುವ ನಿರ್ಧಾರವನ್ನು ಗುಡ್ಡ ದಾಟುವ ಮೊದಲೇ ಮಾಡಬಹುದು. ಇದು ದೊಡ್ಡ ಉಪಕಾರ.

ಮಳೆ ಚಿತ್ರದ ವಿಷಯದಲ್ಲಿ ಎಚ್ಚರ ಬೇಕು. ನಿಮ್ಮ ಹತ್ತಿರದ ಪ್ರದೇಶದ ನೆಕ್ಸ್‌ರಾಡ್ ಚಿತ್ರ ಸುಮಾರು ಐದು ನಿಮಿಷಕ್ಕೊಮ್ಮೆ, ಇಡೀ ದೇಶದ್ದು 15 ನಿಮಿಷಕ್ಕೊಮ್ಮೆ ಹೊಸದಾಗುತ್ತದೆ. ಪರದೆ ಮೇಲೆ "2 ನಿಮಿಷ ಹಳೆಯದು" ಅಂತ ತೋರಿಸಿದರೆ, ಅದು ಚಿತ್ರ ಜೋಡಿಸಿದ ಸಮಯ. ಜೋಡಿಸಲು ಬಳಸಿದ ರೇಡಾರ್ ಸುತ್ತು ಅದಕ್ಕೂ ಮೊದಲಿನದು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಇದೇ ವಿಷಯಕ್ಕೆ ಎಚ್ಚರಿಕೆ ಕೊಟ್ಟಿತು: ತೀರಾ ಕೆಟ್ಟ ಸಂದರ್ಭದಲ್ಲಿ ನಿಜವಾದ ಮಾಹಿತಿ ತೋರಿಸಿದ ವಯಸ್ಸಿಗಿಂತ 15ರಿಂದ 20 ನಿಮಿಷ ಹಳೆಯದಾಗಿರಬಹುದು ಅಂತ. ಗಂಟೆಗೆ 30 ನಾಟಿಕಲ್ ಮೈಲಿ ಓಡುವ ಗುಡುಗು ಮಳೆ 20 ನಿಮಿಷದಲ್ಲಿ 10 ಮೈಲಿ ಮುಂದೆ ಹೋಗಿರುತ್ತದೆ. ಪರದೆಯಲ್ಲಿ ಎರಡು ಮಳೆಯ ನಡುವೆ ಕಂಡ ಸಂದು ಈಗ ಅಲ್ಲಿ ಇಲ್ಲದಿರಬಹುದು. ಮಳೆಯನ್ನು ದೂರದಿಂದ ಸುತ್ತಿಕೊಂಡು ಹೋಗುವುದಕ್ಕೆ ಈ ಚಿತ್ರ ಸರಿ. ಸಂದಿಯಲ್ಲಿ ನುಗ್ಗುವುದಕ್ಕೆ ಯಾವತ್ತೂ ಅಲ್ಲ.

ನೆಲದ ಮೇಲೆ ಪರೀಕ್ಷೆ ಮಾಡಿದರೆ ಹವಾಮಾನವೇ ಬರುತ್ತಿಲ್ಲ. ಕೆಟ್ಟಿದೆಯಾ?

ಬಹುಶಃ ಇಲ್ಲ. ಈ ಸಂಕೇತಗಳು ನೇರ ಗೆರೆಯಲ್ಲಿ ಹೋಗುತ್ತವೆ. ಅಡ್ಡ ಬೆಟ್ಟವೋ ಕಟ್ಟಡವೋ ಬಂದರೆ ಮುಗಿಯಿತು. ಸಮತಟ್ಟಾದ ಕಡೆ 1,000 ಅಡಿ ಎತ್ತರದಿಂದ ಸುಮಾರು 39, 5,000 ಅಡಿಯಿಂದ ಸುಮಾರು 87 ನಾಟಿಕಲ್ ಮೈಲಿ ದೂರದ ದಿಗಂತ ಸಿಗುತ್ತದೆ. ಏರ್‌ಪೋರ್ಟ್ ಹತ್ತಿರವೇ ಸ್ಟೇಷನ್ ಇದ್ದರೆ ಮಾತ್ರ ನೆಲದಲ್ಲೂ ಬರುತ್ತದೆ. ಹಾಗಾಗಿ ಹೊರಡುವ ಮುಂಚಿನ ಹವಾಮಾನವನ್ನು ಇಂಟರ್‌ನೆಟ್‌ನಲ್ಲಿ ಸರಿಯಾಗಿ ನೋಡಿಕೊಳ್ಳಿ. ಮೇಲೇರಿದ ಮೇಲೂ ಸ್ಟ್ರಾಟಕ್ಸ್‌ನ ಟವರ್ ಪುಟದಲ್ಲಿ ಒಂದೂ ನೆಲದ ಸ್ಟೇಷನ್ ಕಾಣದಿದ್ದರೆ ಆಗ ಆಂಟೆನಾ ಅಥವಾ ಡಾಂಗಲ್ ಮೇಲೆ ಅನುಮಾನ ಪಡಿ.

ವಿಮಾನದೊಳಗೆ ಎಲ್ಲಿಡಬೇಕು?

ಪಕ್ಕದ ಅಥವಾ ಹಿಂದಿನ ಕಿಟಕಿ ಹತ್ತಿರ. ಆಂಟೆನಾ ನೆಟ್ಟಗೆ ನಿಂತಿರಲಿ, ಏಕೆಂದರೆ ಬರುವ ಅಲೆಗಳೂ ಲಂಬವಾಗಿಯೇ ಇರುತ್ತವೆ. ಕಾಲು ಅಲೆ ಆಂಟೆನಾ 1090ಕ್ಕೆ ಸುಮಾರು 6.9 ಸೆಂಟಿಮೀಟರ್, 978ಕ್ಕೆ 7.7, ಹತ್ತಿರದ ಅಳತೆಯಾದ್ದರಿಂದ ಅದಲುಬದಲಾದರೆ ಪೂರ್ತಿ ಸತ್ತುಹೋಗುವುದಿಲ್ಲ, ಸ್ವಲ್ಪ ಕುಂದುತ್ತದೆ. ಲೋಹದ ಮೈ ಎಲ್ಲೆಲ್ಲಿ ಅಡ್ಡ ಬರುತ್ತದೋ ಆ ದಿಕ್ಕು ಕುರುಡು. ನಿಮ್ಮ ವಿಮಾನದ ಹೊಟ್ಟೆಯಡಿ ಹಾರುತ್ತಿರುವ ಇನ್ನೊಂದು ವಿಮಾನ ಇದಕ್ಕೆ ಕೇಳಿಸದೇ ಹೋಗಬಹುದು. ಜಿಪಿಎಸ್, ಪೈ ಬೋರ್ಡ್‌ಗೆ ಅಂಟಿಕೊಂಡಿರುವುದು ಬೇಡ. ಕೇಬಲ್ ಬಿಟ್ಟು ಆಕಾಶ ಕಾಣುವ ಕಡೆ ಇಡಿ, ಪೈ ಮತ್ತು ಡಾಂಗಲ್‌ಗಳ ರೇಡಿಯೋ ಗದ್ದಲ ತಪ್ಪುತ್ತದೆ.

ಮುಂದಿನ ಗಾಜಿನ ಕೆಳಗೆ ಡ್ಯಾಶ್ ಮೇಲೆ ಇಡಬೇಡಿ. ಅಲ್ಲಿ ದಿಕ್ಸೂಚಿ ಇದೆ, ಬಿಸಿಲೂ ಇದೆ.

ಪವರ್ ಮತ್ತು ಬಿಸಿ ಬಗ್ಗೆ ಹೇಳಿ.

ಪೈಗೆ ಗಟ್ಟಿಯಾದ 5 ವೋಲ್ಟ್ ಬೇಕು. 3ಬಿಗೆ 2.5 ಆಂಪಿಯರ್ ಕೊಡುವ ಪವರ್ ಬ್ಯಾಂಕ್, ದಪ್ಪ ತಂತಿಯ ಗಿಡ್ಡ ಕೇಬಲ್ ಇಟ್ಟುಕೊಳ್ಳಿ. ತೆಳು ಕೇಬಲ್‌ನಲ್ಲಿ ವೋಲ್ಟೇಜ್ ಬಿದ್ದರೆ ಪೈ ನಡುವೆಯೇ ರೀಬೂಟ್ ಆಗುತ್ತದೆ, ಅಥವಾ ಡಾಂಗಲ್ ಒಂದು ಮಾಯವಾಗುತ್ತದೆ. 10,000 ಎಂಎಎಚ್ ಪವರ್ ಬ್ಯಾಂಕ್‌ನಲ್ಲಿ ಸುಮಾರು 37 ವ್ಯಾಟ್-ಅವರ್ ಇರುತ್ತದೆ. ಪೆಟ್ಟಿಗೆ 6 ವ್ಯಾಟ್ ಎಳೆದರೆ, ನಷ್ಟ ಕಳೆದು ಐದು ಗಂಟೆ ಬರುತ್ತದೆ. ವಿಮಾನದ ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕೊಡುವುದಾದರೆ ಅಡಾಪ್ಟರ್ ರೇಡಿಯೋದಲ್ಲಿ ಕೊರೆತ ತರುತ್ತದೆಯೇ ಅಂತ ನೆಲದಲ್ಲೇ ಕೇಳಿ ನೋಡಿ. ಸಾಕೆಟ್ 12 ವೋಲ್ಟೋ 24 ವೋಲ್ಟೋ ಅಂತಲೂ ನೋಡಿಕೊಳ್ಳಿ.

ಚಿಪ್ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪೈ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಸಂದೇಶಗಳು ತಪ್ಪಿಹೋಗಲು ಶುರುವಾಗುತ್ತವೆ. ಫ್ಯಾನ್ ಹಾಕುವುದು ಇದಕ್ಕೇ. ಹಾರಾಟ ಮುಗಿದ ಮೇಲೆ ಪವರ್ ಬ್ಯಾಂಕನ್ನು ಬಿಸಿಲಿನ ಕ್ಯಾಬಿನ್‌ನಲ್ಲಿ ಬಿಟ್ಟು ಬರಬೇಡಿ. ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ಉದಾಸೀನ ಸಲ್ಲದು.

ಎಎಚ್‌ಆರ್‌ಎಸ್ ನೋಡಿಕೊಂಡು ಮೋಡದಲ್ಲಿ ಹಾರಬಹುದಾ?

ಬೇಡ. ಎಎಚ್‌ಆರ್‌ಎಸ್ ವಿಮಾನ ಎಷ್ಟು ವಾಲಿದೆ, ಮೂಗು ಎಷ್ಟು ಎತ್ತಿದೆ ಅಂತ ಪರದೆಯಲ್ಲಿ ತೋರಿಸುತ್ತದೆ. ಪೆಟ್ಟಿಗೆ ಗಟ್ಟಿಯಾಗಿ ಕೂರದಿದ್ದರೆ, ದಿಕ್ಕು ಸರಿಯಾಗಿ ಹೊಂದಿಸದಿದ್ದರೆ, ಅದು ತಪ್ಪು ತೋರಿಸುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. ಇದು ಪ್ರಮಾಣಿತ ಉಪಕರಣ ಅಲ್ಲ. ತಿಳಿ ಹವೆಯಲ್ಲಿ ಇನ್‌ಸ್ಟ್ರಕ್ಟರ್ ಜೊತೆ ಕೂತು ನೋಡಿ ಅಭ್ಯಾಸ ಮಾಡಿಕೊಳ್ಳಿ, ಅಷ್ಟೇ.

ಇದನ್ನು ವಿಮಾನದಲ್ಲಿ ಒಯ್ಯಲು ಎಫ್‌ಎಎ ಅನುಮತಿ ಬೇಕಾ?

ಅಮೆರಿಕದಲ್ಲಿ ಖಾಸಗಿ ಹಾರಾಟಕ್ಕೆ, ಎತ್ತಿಕೊಂಡು ಹೋಗುವ ಸಾಮಾನಾಗಿ ಇರುವಷ್ಟು ಕಾಲ ಬೇಡ. ಐಎಫ್‌ಆರ್, ಅಂದರೆ ಉಪಕರಣ ನೋಡಿ ಹಾರುವ ನಿಯಮದ ಹಾರಾಟದಲ್ಲಿ ಇದು ವಿಮಾನದ ರೇಡಿಯೋ, ನ್ಯಾವಿಗೇಷನ್‌ಗೆ ಅಡ್ಡಿ ಮಾಡುವುದಿಲ್ಲ ಅಂತ ನಿರ್ಧರಿಸುವ ಜವಾಬ್ದಾರಿ ಪೈಲಟ್‌ದು. ವಿಮಾನಕ್ಕೆ ಸ್ಕ್ರೂ ಹಾಕಿ ಕೂರಿಸಿದರೆ, ವಿಮಾನದ ವೈರಿಂಗ್‌ಗೆ ಸೇರಿಸಿದರೆ ಮಾತು ಬೇರೆ. ಇನ್ನು, ಸ್ಟ್ರಾಟಕ್ಸ್ ಇಟ್ಟುಕೊಂಡ ಮಾತ್ರಕ್ಕೆ 2020ರ ನಿಯಮ ಪಾಲಿಸಿದ ಹಾಗಾಗುವುದಿಲ್ಲ. ನಿಯಮ ಕೇಳುವುದು ಔಟ್. ಇದು ಇನ್, ಬರೀ ಕೇಳಿಸಿಕೊಳ್ಳುವುದು.

ರೆಡಿಮೇಡ್ ಕೊಳ್ಳುವುದೇ ಒಳ್ಳೇದಲ್ವಾ?

ಕೆಲವರಿಗೆ ಹೌದು. ರೆಡಿಮೇಡ್ ಪೆಟ್ಟಿಗೆಯಲ್ಲಿ ಬ್ಯಾಟರಿ ಒಳಗೇ ಇರುತ್ತದೆ, ತಂತಿಗಳು ನೇತಾಡುವುದಿಲ್ಲ, ಕೆಲವದರಲ್ಲಿ ಕಾರ್ಬನ್ ಮೊನಾಕ್ಸೈಡ್ ಸೆನ್ಸರ್ ಕೂಡ ಇರುತ್ತದೆ. ಸ್ಟ್ರಾಟಕ್ಸ್‌ನಲ್ಲಿ ಅದಿಲ್ಲ, ಬೇರೆಯಾಗಿ ಕೊಂಡು ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಹೀಟರ್ ಹಾಕುವ ಸಣ್ಣ ವಿಮಾನಕ್ಕೆ ಅದು ಟ್ರಾಫಿಕ್ ಪೆಟ್ಟಿಗೆಗಿಂತ ಮುಖ್ಯ. ಆದರೆ ಕಟ್ಟಿದವರಿಗೆ ಒಂದು ತಿಳಿವಳಿಕೆ ಸಿಗುತ್ತದೆ. 978ರ ಆಂಟೆನಾ ಕಿತ್ತರೆ ಏನು ಮಾಯವಾಗುತ್ತದೆ, 1090 ಕಿತ್ತರೆ ಏನು ಮಾಯವಾಗುತ್ತದೆ ಅಂತ ಕೈಯಾರೆ ಮಾಡಿ ನೋಡಿದವರು ಪರದೆಯನ್ನು ಕುರುಡಾಗಿ ನಂಬುವುದಿಲ್ಲ. ವಿದ್ಯಾರ್ಥಿ ಪೈಲಟ್‌ಗಳಿಗೆ ಇದನ್ನು ಕಟ್ಟಿಯೇ ಕಲಿಯಿರಿ ಅಂತ ನಾನು ಹೇಳುವುದು ಈ ಕಾರಣಕ್ಕೆ.

ಯುರೋಪಿನಲ್ಲಿ?

ಅಲ್ಲಿ ಎಫ್‌ಐಎಸ್-ಬಿ ಹವಾಮಾನ ಇಲ್ಲ. ಬದಲಿಗೆ ಗ್ಲೈಡರ್‌ಗಳು ಮತ್ತು ಸಣ್ಣ ವಿಮಾನಗಳು 868 ಮೆಗಾಹರ್ಟ್ಸ್ ಸುತ್ತ ಫ್ಲಾರ್ಮ್, ಓಜಿಎನ್ ಎಂಬ ಸ್ಥಾನ ಹೇಳುವ ವ್ಯವಸ್ಥೆಗಳನ್ನು ಬಳಸುತ್ತವೆ. ಸ್ಟ್ರಾಟಕ್ಸ್‌ನ ಯುರೋಪ್ ಆವೃತ್ತಿ ಅವನ್ನೂ ಹಿಡಿಯುತ್ತದೆ. ಜರ್ಮನಿಯಲ್ಲಿರುವವರು 978ರ ಡಾಂಗಲ್ ಕೊಳ್ಳಬೇಡಿ.

ಬೆಂಗಳೂರಿನಲ್ಲಿ ಕಟ್ಟಿದರೆ ಏನು ಸಿಗುತ್ತದೆ?

978 ಇಲ್ಲ, ಆದ್ದರಿಂದ ಹವಾಮಾನ ಇಲ್ಲ, ಟಿಐಎಸ್-ಬಿ ಇಲ್ಲ. ಸಿಗುವುದು 1090ರ ನೇರ ಸಂಕೇತ ಮಾತ್ರ. ದೇವನಹಳ್ಳಿಗೆ ಇಳಿಯುವ, ಏರುವ ವಿಮಾನಗಳು ಸ್ಥಾನ ಪ್ರಸಾರ ಮಾಡುತ್ತವೆ, ಹಾಗಾಗಿ ಮನೆಯ ಮಟ್ಟಿಗೆ ಇದು ಕಲಿಕೆಗೆ ಒಳ್ಳೇ ಸಾಮಾನು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಸಿಗ್ನಲ್ ಪ್ರೊಸೆಸಿಂಗ್ ಪಾಠವನ್ನು ನಿಜವಾದ ಸಂಕೇತದ ಮೇಲೆ ಮಾಡಿ ನೋಡುವ ಅವಕಾಶ. ಆ ಉಪಯೋಗಕ್ಕೆ ಒಂದು ಪೈ, ಒಂದು ಡಾಂಗಲ್, ಬರೀ ಡಂಪ್1090 ಸಾಕು.

ಜಕ್ಕೂರಿನಂಥ ಕಡೆ ಹಾರಾಟ ಕಲಿಯುವವರು ಇದನ್ನು ವಿಮಾನದೊಳಗೆ ಒಯ್ಯುವ ಯೋಚನೆ ಇದ್ದರೆ, ಮೊದಲು ನಿಮ್ಮ ಶಾಲೆಯ ಮುಖ್ಯ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿ, ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ನೋಡಿಕೊಳ್ಳಿ. ಮೇಲೆ ಬರೆದ ಎಫ್‌ಎಎ ಮಾತುಗಳು ಇಲ್ಲಿಗೆ ಅನ್ವಯಿಸುವುದಿಲ್ಲ.

ಹೊಸ ಆವೃತ್ತಿ ಬಂದಾಗ ಹಾಕಿಕೊಳ್ಳಬೇಕಾ?

ಹಾಕಿಕೊಳ್ಳಿ, ಆದರೆ ಹಾರುವ ದಿನ ಬೆಳಗ್ಗೆ ಬೇಡ. ಹಳೇ ಕಾರ್ಡನ್ನು ಹಾಗೇ ಎತ್ತಿಟ್ಟು, ಇನ್ನೊಂದು ಕಾರ್ಡ್‌ಗೆ ಹೊಸ ಇಮೇಜ್ ಬರೆಯಿರಿ. ಮನೆಯಲ್ಲಿ ಒಂದೆರಡು ಗಂಟೆ ಓಡಿಸಿ, ಎರಡೂ ರೇಡಿಯೋ ಮತ್ತು ಜಿಪಿಎಸ್ ಸ್ಟೇಟಸ್ ಪುಟದಲ್ಲಿ ಕಾಣುತ್ತಿವೆಯೇ, ಐಕಾವೋ ಕೋಡ್ ಉಳಿದಿದೆಯೇ ಅಂತ ನೋಡಿ. ಹಳೇ ಕಾರ್ಡನ್ನು ಫ್ಲೈಟ್ ಬ್ಯಾಗಿನಲ್ಲೇ ಇಟ್ಟುಕೊಂಡಿರಿ, ಹೊಸದು ಕೈಕೊಟ್ಟರೆ ಹೊರಡುವ ಮುಂಚೆ ಬದಲಿಸಿಕೊಳ್ಳಬಹುದು.